ವಾಹನ ನಿಲುಗಡೆಯೂ ದಂಡದ ಚೀಟಿಯೂ

ಗಾಡಿ ಓಡಿಸುವುದನ್ನು ಕಲಿಸುವ ಶಾಲೆಗಳು ನಗರದ ಮೂಲೆಮೂಲೆಗೂ ಉಂಟು; ಗಾಡಿ ನಿಲ್ಲಿಸುವುದನ್ನು ಕಲಿಸುವ ಶಾಲೆಯೊಂದೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಓಡಿಸುವುದು ವಿದ್ಯೆ, ನಿಲ್ಲಿಸುವುದು ತಾನಾಗಿಯೇ ಬರತಕ್ಕದ್ದು ಎಂದು ಜನರು ಭಾವಿಸಿರುವರೋ ಏನೋ! ಆದರೆ ಸಂಜೆಯ ಆರು ಗಂಟೆಗೆ ನಮ್ಮ ನಾಸಿಕ್ ರೋಡಿನ ಬಿಟ್ಕೊ ಚೌಕದಲ್ಲಿ ಅರ್ಧ ತಾಸು ನಿಂತು ನೋಡಿದವರಿಗೆ ನಿಜಸ್ಥಿತಿ ತಿಳಿಯದೆ ಇರದು. ರೈಲು ಹಿಡಿಯಲು ಹೊರಟವರು, ಮುಕ್ತಿಧಾಮದ ದರ್ಶನಕ್ಕೆ ಬಂದವರು, ಮುದ್ರಣಾಲಯದ ಪಾಳಿ ಮುಗಿಸಿ ಮನೆಗೆ ಮರಳುವವರು, ಕಾಯಿಪಲ್ಯ ಕೊಳ್ಳುವವರು ಎಲ್ಲರೂ ಅಲ್ಲಿ ಕೂಡುತ್ತಾರೆ. ಎಲ್ಲರಿಗೂ ಬೇಕಾದುದು ಒಂದೇ: ಗಾಡಿಯನ್ನು ಕ್ಷಣಕಾಲ ನಿಲ್ಲಿಸಲು ಒಂದು ಎಡೆ. ಎಡೆ ಸಿಕ್ಕದವರು ಸುತ್ತುತ್ತಾರೆ. ಸುತ್ತಿ ದಣಿದವರು ಕಂಡಲ್ಲಿ ನಿಲ್ಲಿಸುತ್ತಾರೆ. ಕಂಡಲ್ಲಿ ನಿಲ್ಲಿಸಿದವರಿಗೆ ದಂಡದ ಚೀಟಿ ಬರುತ್ತದೆ.

ಈ ವಿಷಯವು ವಿದ್ಯಾರ್ಥಿಗಳಿಗೆ ಏತಕ್ಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಯಾರಿಗೂ ಇನ್ನೂ ವಾಹನ ಓಡಿಸುವ ಪರವಾನಗಿಯ ವಯಸ್ಸಾಗಿಲ್ಲವೆಂಬುದು ನಮಗೆ ಗೊತ್ತು. ಅಪ್ರಾಪ್ತ ಬಾಲಕನ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೇ ಕಠಿಣ ಶಿಕ್ಷೆಯಾಗುವಂತೆ ೨೦೧೯ರಲ್ಲಿ ಕಾಯಿದೆಯನ್ನು ತಿದ್ದಿದ್ದಾರೆಂಬುದೂ ನಿಮಗೆ ಗೊತ್ತಿರಬೇಕು. ಆದರೂ ಈ ಲೇಖನವನ್ನು ಬರೆಯಲು ನಮ್ಮ ಶಾಲೆಯಲ್ಲಿಯೇ ನಡೆದ ಒಂದು ಸಂಗತಿ ಕಾರಣವಾಯಿತು. ಅದನ್ನು ಮೊದಲು ಹೇಳುತ್ತೇವೆ.

ಎಂಟನೆಯ ತರಗತಿಯ ಬಾಲಿಕೆಯೊಬ್ಬಳ ತಂದೆ ಇಂಡಿಯ ಕಡೆಯಿಂದ ಬಂದವರು. ಸಾಮಾನಿನ ಟೆಂಪೋ ಒಂದನ್ನು ಓಡಿಸಿ ಸಂಸಾರ ಸಾಗಿಸುತ್ತಾರೆ. ಒಂದು ದಿನ ಅವರು ಶಾಲೆಗೆ ಬಂದು ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ನಿಲುಗಡೆ ನಿಷೇಧಿಸಿದ ಬೀದಿಯಲ್ಲಿ ಟೆಂಪೋ ನಿಲ್ಲಿಸಿದ್ದಕ್ಕಾಗಿ ರೂ. ೧,೫೦೦ ದಂಡ ಎಂಬ ಸಂದೇಶ ಅದರಲ್ಲಿತ್ತು. ವರುಷದ ಹಿಂದೆ ಒಮ್ಮೆ ಇಂತಹ ತಪ್ಪಿಗೆ ರೂ. ೫೦೦ ಕೊಟ್ಟಿದ್ದರಿಂದ ಇದು ಎರಡನೆಯ ತಪ್ಪೆಂದು ಲೆಕ್ಕವಾಗಿ ಮೊತ್ತ ಏರಿತ್ತು. ಆ ಬೀದಿಗೆ ತಾವು ಹೋಗಿಯೇ ಇಲ್ಲವೆಂದು ಅವರು ಹೇಳಿದರು. ಹಾಗಾದರೆ ದೂರು ಕೊಡಿರೆಂದು ನಾವು ಹೇಳಿದುದಕ್ಕೆ, "ಗುರುಗಳ, ಹೋದರ ಹೋಗಲಿ ಬಿಡ್ರಿ. ಪರಊರಾಗ ದುಡಿದು ತಿನ್ನಾವರು ನಾವು. ಕೋರ್ಟು ಕಚೇರಿ ನಮಗ್ಯಾಕ್ರಿ? ಹೆಂಗ ತುಂಬೂದು ಅಷ್ಟು ಹೇಳಿಕೊಡ್ರಿ" ಎಂದರು.

ಈ ಮಾತು ನಮ್ಮ ಮನಸ್ಸನ್ನು ಕಲಕಿತು. ಹಣ ಹೋಗುವುದು ಒಂದು ದುಃಖ. ನಾನು ನಿರಪರಾಧಿ ಎಂದು ಹೇಳಲು ಬಾಯಿಲ್ಲದೆ ಹೋಗುವುದು ಅದಕ್ಕಿಂತ ದೊಡ್ಡ ದುಃಖ. ಓದುಬರೆಹ ಬಲ್ಲ ಮಕ್ಕಳು ಮನೆಯಲ್ಲಿರುವಾಗ ಈ ದುಃಖ ಏತಕ್ಕೆ? ಆದುದರಿಂದ ನಿಲುಗಡೆಯ ಸ್ವರೂಪವೇನು, ದಂಡದ ಚೀಟಿ ಎಂದರೇನು, ಅದನ್ನು ಹೇಗೆ ಪ್ರಶ್ನಿಸಬೇಕು, ಪ್ರಶ್ನಿಸುವ ಪ್ರಸಂಗವೇ ಬಾರದಂತೆ ಎಡೆಯನ್ನು ಹೇಗೆ ಹುಡುಕಬೇಕು ಎಂಬುದನ್ನು ಕ್ರಮವಾಗಿ ವಿವರಿಸುತ್ತೇವೆ. ಟೆಂಪೋದ ಕಥೆ ಏನಾಯಿತೆಂಬುದನ್ನು ಅದರ ಸ್ಥಾನದಲ್ಲಿ ಹೇಳುವೆವು.

ಎಡೆಯ ಅಭಾವ

ನಮ್ಮ ಊರುಗಳ ಜಾತ್ರೆಗಳನ್ನು ನೆನೆಯಿರಿ. ನೂರಾರು ಚಕ್ಕಡಿಗಳು ಬರುತ್ತವೆ. ಆದರೆ ತೇರು ಎಳೆಯುವ ಬೀದಿಯಲ್ಲಿ ಒಂದಾದರೂ ಚಕ್ಕಡಿ ನಿಂತಿರುತ್ತದೆಯೆ? ಇಲ್ಲ. ಊರ ಹೊರಗಿನ ಬಯಲಿನಲ್ಲಿ ಎತ್ತುಗಳ ಕೊಳ್ಳು ಹರಿದು, ಚಕ್ಕಡಿಗಳನ್ನು ಸಾಲಾಗಿ ನಿಲ್ಲಿಸಿ, ಮೇವು ಹಾಕಿ, ಜನರು ನಡೆದು ಗುಡಿಗೆ ಬರುತ್ತಾರೆ. ಬೀದಿ ನಡೆಯುವುದಕ್ಕೆ, ಬಯಲು ನಿಲ್ಲುವುದಕ್ಕೆ ಎಂಬ ವಿವೇಕವನ್ನು ಅವರಿಗೆ ಯಾವ ಕಾಯಿದೆಯೂ ಕಲಿಸಲಿಲ್ಲ. ನಗರದಲ್ಲಿ ಬೀದಿಗಳುಂಟು, ಬಯಲುಗಳಿಲ್ಲ. ಆದುದರಿಂದ ಬೀದಿಯೇ ಬಯಲಿನ ಕೆಲಸವನ್ನೂ ಮಾಡಬೇಕಾಗಿದೆ. ತೊಡಕಿನ ಮೂಲವೆಲ್ಲ ಇಲ್ಲಿಯೇ ಇದೆ.

ಇದು ಇಂದಿನ ತೊಡಕೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ನಗರದಲ್ಲಿ ಬೀದಿಗಳು ಬಂಡಿಗಳಿಂದ ಕಿಕ್ಕಿರಿದಾಗ ಜೂಲಿಯಸ್ ಸೀಜರನ ಕಾಲದ ಶಾಸನವೊಂದು ಹಗಲುಹೊತ್ತಿನಲ್ಲಿ ಬಹುತೇಕ ಬಂಡಿಗಳು ನಗರದೊಳಗೆ ಸುಳಿಯಬಾರದೆಂದು ಕಟ್ಟು ಮಾಡಿತ್ತು. ಹಗಲು ಶಾಂತವಾಯಿತು, ರಾತ್ರಿಯೆಲ್ಲ ಗಾಲಿಗಳ ಸದ್ದಿನಿಂದ ಜನರ ನಿದ್ದೆ ಕೆಟ್ಟಿತು!

ಒಂದು ಕಾರಿಗೆ ಎಷ್ಟು ನೆಲ ಬೇಕೆಂದು ಲೆಕ್ಕ ಮಾಡೋಣ. ನಿಂತ ಕಾರಿಗೆ ಸುಮಾರು ೫ ಮೀಟರ್ ಉದ್ದ, ೨.೫ ಮೀಟರ್ ಅಗಲದ ಎಡೆಯನ್ನು ಇಂಜಿನಿಯರರು ಗೊತ್ತುಪಡಿಸುತ್ತಾರೆ, ಅಂದರೆ ೧೨.೫ ಚದರ ಮೀಟರು. ಆದರೆ ಕಾರು ಆಕಾಶದಿಂದ ಇಳಿದು ಆ ಜಾಗದಲ್ಲಿ ಕೂಡುವುದಿಲ್ಲವಲ್ಲ! ಒಳಗೆ ಬರಲು, ತಿರುಗಲು, ಹೊರಗೆ ಹೋಗಲು ದಾರಿ ಬೇಕು. ಈ ದಾರಿಯನ್ನೂ ಸೇರಿಸಿ ತೆರೆದ ಬಯಲಿನಲ್ಲಿ ಕಾರೊಂದಕ್ಕೆ ಸುಮಾರು ೨೩ ಚದರ ಮೀಟರ್ ಹಿಡಿಯುವುದುಂಟು. ಇಪ್ಪತ್ತೈದು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ತರಗತಿಯ ಕೋಣೆಯೊಂದನ್ನು ಅಳೆದರೆ ಸುಮಾರು ೪೬ ಚದರ ಮೀಟರ್ ಆಗುತ್ತದೆ. ನಲವತ್ತು ಐವತ್ತು ಮಕ್ಕಳು ಕುಳಿತು ಪಾಠ ಕಲಿಯುವ ಕೋಣೆ ಎರಡೇ ಕಾರುಗಳಿಗೆ ಸಾಲುತ್ತದೆ ಎಂದಾಯಿತು.

ಇನ್ನೊಂದು ಲೆಕ್ಕ. ಅಮೆರಿಕೆಯ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ತಮ್ಮ ಜೀವಮಾನದ ಬಹುಭಾಗವನ್ನು ನಿಲುಗಡೆಯ ಅಭ್ಯಾಸಕ್ಕೇ ಮುಡಿಪಿಟ್ಟಿದ್ದರು. ೨೦೦೫ರಲ್ಲಿ ಅವರ ದೊಡ್ಡ ಗ್ರಂಥ ಹೊರಬಂದಿತು; ೨೦೨೫ರಲ್ಲಿ ಅವರು ತೀರಿಕೊಂಡರು. ಕಾರು ತನ್ನ ಆಯುಷ್ಯದ ನೂರರಲ್ಲಿ ತೊಂಬತ್ತೈದು ಪಾಲನ್ನು ನಿಂತೇ ಕಳೆಯುತ್ತದೆ ಎಂದು ಅವರು ತೋರಿಸಿದರು. ಇಪ್ಪತ್ತುನಾಲ್ಕು ಗಂಟೆಗಳಲ್ಲಿ ನೂರಕ್ಕೆ ಐದು ಪಾಲು ಎಂದರೆ ಒಂದು ಗಂಟೆ ಹನ್ನೆರಡು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಅದು ಎಲ್ಲಿಯಾದರೂ ನೆಲ ಹಿಡಿದು ನಿಂತಿರಲೇಬೇಕು. ಬೀದಿಯ ನೆಲವು ಧರ್ಮಕ್ಕೆ ಸಿಕ್ಕುವುದರಿಂದಲೇ ಜನ ಅದಕ್ಕಾಗಿ ಮುಗಿಬೀಳುತ್ತಾರೆ, ಎಡೆ ಹುಡುಕುತ್ತ ಸುತ್ತುವ ಗಾಡಿಗಳೇ ಬೀದಿಯನ್ನು ಮತ್ತಷ್ಟು ತುಂಬುತ್ತವೆ ಎಂಬುದು ಅವರ ವಾದ. ಪ್ರತಿ ಬೀದಿಯಲ್ಲಿ ಒಂದೆರಡು ಎಡೆಗಳು ಸದಾ ತೆರವಾಗಿ ಉಳಿಯುವಂತೆ ಬಾಡಿಗೆ ಗೊತ್ತುಮಾಡಬೇಕೆಂದು ಅವರು ಹೇಳಿದರು.

ಬೀದಿಯಲ್ಲಿ ನಿಲ್ಲುವುದಕ್ಕೆ ಹಣ ಪಡೆಯುವ ಯಂತ್ರವೂ ಅಮೆರಿಕೆಯಲ್ಲಿಯೇ ಹುಟ್ಟಿತು. ೧೯೩೫ರ ಜುಲೈ ೧೬ರಂದು ಒಕ್ಲಹೋಮ ನಗರದಲ್ಲಿ ಮೊದಲನೆಯ ಯಂತ್ರವನ್ನು ನಿಲ್ಲಿಸಿದರು. ಅದರ ಹಿಂದಿದ್ದವರು ಕಾರ್ಲ್ ಮ್ಯಾಗೀ ಎಂಬ ಪತ್ರಿಕಾ ಸಂಪಾದಕರು. ಅಂಗಡಿಕಾರರೂ ನೌಕರರೂ ಬೆಳಿಗ್ಗೆಯೇ ಬಂದು ಕಾರು ನಿಲ್ಲಿಸಿ ಸಂಜೆಯವರೆಗೆ ತೆಗೆಯದೆ ಇದ್ದುದರಿಂದ ಗಿರಾಕಿಗಳಿಗೆ ಎಡೆ ಇಲ್ಲದಂತಾಗಿತ್ತು. ಗಂಟೆಗೆ ಐದು ಸೆಂಟಿನ ನಾಣ್ಯ ಹಾಕಬೇಕೆಂದಾಗ ಬೀದಿ ತೆರವಾಯಿತು. ಈ ಯಂತ್ರದ ನಿಯಮ ಮೀರಿದರೆಂದು ಮೊದಲು ಹಿಡಿಯಲ್ಪಟ್ಟವರು ನಾರ್ತ್ ಎಂಬ ಪಾದ್ರಿಗಳಂತೆ. ಯಂತ್ರಕ್ಕೆ ಹಾಕಲು ಚಿಲ್ಲರೆ ತರುವುದಕ್ಕೇ ತಾವು ಅಂಗಡಿಗೆ ಹೋಗಿದ್ದುದಾಗಿಯೂ, ಮರಳುವಷ್ಟರಲ್ಲಿ ಚೀಟಿ ಅಂಟಿಸಿದ್ದುದಾಗಿಯೂ ಅವರು ನ್ಯಾಯಾಧೀಶರ ಮುಂದೆ ಹೇಳಿಕೊಂಡರು. ನ್ಯಾಯಾಧೀಶರು ಅವರನ್ನು ಬಿಟ್ಟುಬಿಟ್ಟರು. ನಿಲುಗಡೆಯ ದಂಡವೂ, ಅದನ್ನು ಪ್ರಶ್ನಿಸುವುದೂ ಅವಳಿಜವಳಿಗಳಂತೆ ಒಟ್ಟಿಗೇ ಹುಟ್ಟಿದುವೆಂಬುದನ್ನು ಇದರಿಂದ ತಿಳಿಯಬಹುದು.

ಎಲ್ಲಿ ನಿಲ್ಲಿಸಬಾರದು?

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾದುದು ೧೯೮೮ರ ಮೋಟಾರು ವಾಹನಗಳ ಕಾಯಿದೆ. ಅದರ ೧೧೭ನೆಯ ಕಲಮು ವಾಹನಗಳು ನಿಲ್ಲತಕ್ಕ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ, ಸ್ಥಳೀಯ ಸಂಸ್ಥೆಯೊಡನೆ ಆಲೋಚಿಸಿ ನಡೆಸುವಂತೆ, ಕೊಟ್ಟಿದೆ. ರಸ್ತೆ ಕೂಡುವಲ್ಲಿ, ತಿರುವಿನಲ್ಲಿ, ಕಾಲುದಾರಿಯ ಮೇಲೆ, ಜನರು ರಸ್ತೆ ದಾಟುವ ಪಟ್ಟೆಗಳ ಬಳಿ, ಬಸ್ಸು ನಿಲ್ಲುವಲ್ಲಿ, ಶಾಲೆ ಮತ್ತು ಆಸ್ಪತ್ರೆಗಳ ಬಾಗಿಲಿಗೆ ಅಡ್ಡವಾಗಿ, ಇನ್ನೊಂದು ನಿಂತ ವಾಹನದ ಮಗ್ಗುಲಿಗೆ ಎರಡನೆಯ ಸಾಲಾಗಿ ನಿಲ್ಲಿಸಬಾರದು. ಈ ಸ್ಥಳಗಳಲ್ಲಿ ಫಲಕವಿಲ್ಲದಿದ್ದರೂ ನಿಲ್ಲಿಸುವುದು ತಪ್ಪೇ. 'ಬೋರ್ಡು ಇರಲಿಲ್ಲ' ಎಂಬ ನೆಪ ಇಲ್ಲಿ ನಡೆಯಲಾರದು. ಆಸ್ಪತ್ರೆಯ ಬಾಗಿಲಿಗೆ ಫಲಕ ಬೇಕೆನ್ನುವವನು ರೋಗಿಯ ಕಷ್ಟವನ್ನು ಅರಿಯದವನು.

ಫಲಕಗಳನ್ನು ಓದುವುದಕ್ಕೆ ಭಾಷೆ ಬೇಕಿಲ್ಲ. ಆದುದರಿಂದ ಪರರಾಜ್ಯದಲ್ಲಿರುವ ನಮಗೆ ಅವು ಬಹಳ ಉಪಕಾರಿ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆಗೆರೆ ಇದ್ದರೆ ನಿಲುಗಡೆ ನಿಷೇಧ. ಎರಡು ಗೆರೆಗಳು ಕತ್ತರಿಯಂತೆ ಹಾಯ್ದಿದ್ದರೆ ಕ್ಷಣಕಾಲವೂ ನಿಲ್ಲುವಂತಿಲ್ಲ. ನೀಲಿ ಚೌಕದಲ್ಲಿ ಇಂಗ್ಲಿಷಿನ 'ಪಿ' ಅಕ್ಷರವಿದ್ದರೆ ಅಲ್ಲಿ ನಿಲ್ಲಿಸಬಹುದು. ಮರಾಠಿಯಲ್ಲಿ 'ವಾಹನೇ ಉಭೀ ಕರೂ ನಯೇತ' ಎಂದು ಬರೆದಿದ್ದರೆ ವಾಹನಗಳನ್ನು ನಿಲ್ಲಿಸಕೂಡದು ಎಂದರ್ಥ.

ಮಹಾರಾಷ್ಟ್ರದ ನಗರಗಳಲ್ಲಿ 'ಸಮ-ವಿಷಮ' ಎಂಬ ಇನ್ನೊಂದು ಪದ್ಧತಿ ಉಂಟು. ಇಕ್ಕಟ್ಟಾದ ಬೀದಿಯಲ್ಲಿ ಸಮಸಂಖ್ಯೆಯ ತಾರೀಖುಗಳಂದು ಒಂದು ಮಗ್ಗುಲಿಗೆ, ವಿಷಮ ತಾರೀಖುಗಳಂದು ಇನ್ನೊಂದು ಮಗ್ಗುಲಿಗೆ ನಿಲ್ಲಿಸಬೇಕು. ಎರಡೂ ಕಡೆಯ ಅಂಗಡಿಕಾರರಿಗೆ ಸುಖದುಃಖ ಸಮನಾಗಿ ಹಂಚಿಕೆಯಾಗಲೆಂಬುದು ಇದರ ಉದ್ದೇಶ. ಈ ಪದ್ಧತಿಯಿಂದ ನಮಗಾದ ಅವಮಾನವನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ. ಒಂದು ತಿಂಗಳ ಕೊನೆಯ ದಿನ ಸ್ಕೂಟರನ್ನು ಬಲಮಗ್ಗುಲಿಗೆ ನಿಲ್ಲಿಸಿದ್ದೆವು. ಮರುದಿನ, ನಿಯಮದಂತೆ ಮಗ್ಗುಲು ಬದಲಾಗಿರಬೇಕಲ್ಲವೆ ಎಂದುಕೊಂಡು ಎಡಮಗ್ಗುಲಿಗೆ ನಿಲ್ಲಿಸಿದೆವು. ಚೀಟಿ ಬಂದಿತು. ನಮ್ಮ ಕೋಪಕ್ಕೆ ಮೇರೆ ಇಲ್ಲದಾಯಿತು. ನಿಯಮ ಪಾಲಿಸಿದವನಿಗೇ ದಂಡವೇ ಎಂದು ಎರಡು ಪುಟದ ದೂರನ್ನು ಬರೆಯಲು ಕುಳಿತೆವು. ತಾರೀಖನ್ನು ಬರೆಯುವಾಗ ಲೇಖನಿ ನಿಂತಿತು. ಹಿಂದಿನ ದಿನ ೩೧, ಅಂದು ೧. ಎರಡೂ ವಿಷಮ ಸಂಖ್ಯೆಗಳು! ಐದನೆಯ ತರಗತಿಗೆ ಸಮ ವಿಷಮಗಳ ಪಾಠ ಹೇಳುವವರು ನಾವೇ. ದೂರನ್ನು ಹರಿದುಹಾಕಿ ರೂ. ೫೦೦ ತುಂಬಿ, ಮರುದಿನ ತರಗತಿಯಲ್ಲಿ ಈ ಕಥೆಯನ್ನು ಹೇಳಿ ಮಕ್ಕಳಿಂದ ನಗಿಸಿಕೊಂಡೆವು. ವರುಷಕ್ಕೆ ಇಂತಹ ಪ್ರಸಂಗ ಎಷ್ಟು ಸಲ ಬರುತ್ತದೆ ಎಂದು ಕೇಳಿದಾಗ, ಏಳು ಸಲ ಎಂದು ಒಬ್ಬನೂ, ಅಧಿಕ ವರ್ಷದಲ್ಲಿ ಫೆಬ್ರವರಿ ೨೯ರ ಮರುದಿನವನ್ನು ಸೇರಿಸಿ ಎಂಟು ಸಲ ಎಂದು ಇನ್ನೊಬ್ಬಳೂ ಉತ್ತರ ಕೊಟ್ಟರು. ದಂಡದ ಹಣ ಅಲ್ಲಿಗೆ ಸಾರ್ಥಕವಾಯಿತು.

ಈ ಕಥೆಯ ನೀತಿ ಇಷ್ಟೆ: ಚೀಟಿ ಬಂದೊಡನೆ ಮೊದಲು ತನ್ನನ್ನು ತಾನು ವಿಚಾರಿಸಿಕೊಳ್ಳಬೇಕು. ತಪ್ಪು ನಮ್ಮದಾದರೆ ದಂಡ ತುಂಬಿ ಸುಮ್ಮನಾಗುವುದೇ ಮರ್ಯಾದೆ.

ಚೀಟಿ ಎಂದರೇನು?

ತಪ್ಪು ನಮ್ಮದಲ್ಲದಿದ್ದರೆ? ಆಗ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು: ದಂಡದ ಚೀಟಿ ಒಂದು ಆರೋಪ, ಅದು ತೀರ್ಪಲ್ಲ. ಜನರು ಚಲನ್ ಎಂದು ಕರೆಯುವ ಈ ಚೀಟಿ ಹೇಳುವುದು, 'ನೀನು ಈ ದಿನ, ಈ ಹೊತ್ತಿಗೆ, ಈ ಸ್ಥಳದಲ್ಲಿ, ಈ ತಪ್ಪು ಮಾಡಿದೆಯೆಂದು ನಮಗೆ ತೋರುತ್ತದೆ. ಒಪ್ಪುವೆಯಾದರೆ ಇಷ್ಟು ಹಣ ಕೊಟ್ಟು ಮುಗಿಸಿಕೋ' ಎಂದು ಮಾತ್ರ. ಹಣ ಕೊಟ್ಟರೆ ಕಾಯಿದೆಯ ೨೦೦ನೆಯ ಕಲಮಿನಂತೆ ಅಲ್ಲಿಗೇ ಪ್ರಕರಣ ಮುಗಿಯಿತು. ಒಪ್ಪದವನಿಗೆ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಆದುದರಿಂದ ಪ್ರಶ್ನಿಸಬೇಕೆನ್ನುವವನು ಮೊದಲು ಹಣ ತುಂಬಿ ಆಮೇಲೆ ದೂರುವುದು ತರವಲ್ಲ. ಹಾಗೆಯೇ ಚೀಟಿಯನ್ನು ಮೂಲೆಗೆಸೆದು ಮರೆಯುವುದೂ ತರವಲ್ಲ. ಚೀಟಿಯಲ್ಲಿ ಬರೆದ ಅವಧಿಯೊಳಗೆ ಉತ್ತರ ಕೊಡಬೇಕು.

ಕೇಂದ್ರದ ಕಾಯಿದೆಯಲ್ಲಿ ಇಂತಹ ಸಾಮಾನ್ಯ ತಪ್ಪುಗಳ ದಂಡವು ಹಿಂದೆ ಮೊದಲನೆಯ ಸಲಕ್ಕೆ ರೂ. ೧೦೦ರವರೆಗೆ ಇದ್ದಿತು, ೨೦೧೯ರ ತಿದ್ದುಪಡಿಯಿಂದ ಅದು ರೂ. ೫೦೦, ಮರುಕಳಿಸಿದರೆ ರೂ. ೧,೫೦೦ ಆಯಿತು. ಮಹಾರಾಷ್ಟ್ರದಲ್ಲಿ ಈ ದರಗಳು ೨೦೨೧ರ ಡಿಸೆಂಬರಿನಿಂದ ಜಾರಿಗೆ ಬಂದುವು. ಗಾಡಿಯನ್ನೇ ಎತ್ತಿಕೊಂಡು ಹೋಗುವ ಅಧಿಕಾರ ೧೨೭ನೆಯ ಕಲಮಿನಲ್ಲಿದೆ. ನಿಷೇಧಿಸಿದ ಸ್ಥಳದಲ್ಲಿ ನಿಲ್ಲಿಸಿದ, ಇಲ್ಲವೆ ಹತ್ತು ಗಂಟೆಗೂ ಹೆಚ್ಚು ಕಾಲ ಹೇಳಕೇಳುವವರಿಲ್ಲದೆ ಬಿಟ್ಟ ವಾಹನವನ್ನು ಎತ್ತಿಸಲು ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿಯ ಅಪ್ಪಣೆ ಬೇಕು. ಎತ್ತುವ ಲಾರಿಯ ಆಳುಗಳು ತಾವಾಗಿಯೇ ಅಪ್ಪಣೆ ಕೊಟ್ಟುಕೊಳ್ಳುವಂತಿಲ್ಲ. ಎತ್ತಿದುದು ನ್ಯಾಯವಾಗಿದ್ದರೆ ಅದರ ವೆಚ್ಚವನ್ನೂ ಮಾಲಿಕನೇ ಕೊಡಬೇಕು. ಬೆಂಗಳೂರಿನಲ್ಲಿ ಹೀಗೆ ಗಾಡಿಗಳನ್ನು ಎತ್ತುವವರ ನಡವಳಿಕೆಯ ಮೇಲೆ ಜನರ ದೂರು ಬಹಳವಾದುದರಿಂದ ೨೦೨೨ರ ಫೆಬ್ರವರಿಯಲ್ಲಿ ಆ ಕೆಲಸವನ್ನು ತಡೆಹಿಡಿಯಬೇಕಾಯಿತು.

ಇದನ್ನು ಓದುವಾಗ ಹಳ್ಳಿಯ ಹಿರಿಯರಿಗೆ ಕೊಂಡವಾಡದ ನೆನಪಾಗದೆ ಇರದು. ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ಕೊಂಡವಾಡಕ್ಕೆ ಅಟ್ಟುತ್ತಿದ್ದರು. ಮಾಲಿಕನು ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತಿದ್ದನು. ಅದಕ್ಕಾಗಿ ೧೮೭೧ರಷ್ಟು ಹಿಂದೆಯೇ ಕಾಯಿದೆಯೊಂದು ಆಗಿತ್ತು. ದನವನ್ನು ಅನ್ಯಾಯವಾಗಿ ಹಿಡಿದರೆಂದು ತೋರಿದರೆ ಮಾಲಿಕನು ಹತ್ತು ದಿನದೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದಿ ಕೊಡಬಹುದೆಂದೂ, ಅದು ನಿಜವಾದರೆ ಅವನಿಗೆ ಪರಿಹಾರ ಕೊಡಿಸಬಹುದೆಂದೂ ಅದರಲ್ಲಿಯೇ ಬರೆದಿದ್ದರು. ಪರಕೀಯರು ಆಳುತ್ತಿದ್ದ ಕಾಲದಲ್ಲಿ ಎಮ್ಮೆಯ ಒಡೆಯನಿಗಿದ್ದ ಹಕ್ಕು ಇಂದು ಟೆಂಪೋದ ಒಡೆಯನಿಗೆ ಇಲ್ಲದೆ ಇದ್ದೀತೆ?

ಪ್ರಶ್ನಿಸುವ ಕ್ರಮ

ಈಗ ನಮ್ಮ ಟೆಂಪೋದ ಕಥೆಗೆ ಮರಳೋಣ. ಪ್ರಶ್ನಿಸುವ ಕ್ರಮವೂ ಅದರಿಂದಲೇ ತಿಳಿಯುವುದು.

ಮೊದಲನೆಯದಾಗಿ, ಬಂದ ಸಂದೇಶ ನಿಜವಾದುದೋ ಹುಸಿಯೋ ಎಂದು ನೋಡಬೇಕು. ಚಲನಿನ ಹೆಸರಿನಲ್ಲಿ ಮೋಸದ ಸಂದೇಶ ಕಳಿಸಿ ಬ್ಯಾಂಕಿನ ಹಣ ದೋಚುವವರು ಈಚೆಗೆ ಹೆಚ್ಚಾಗಿದ್ದಾರೆ. ಸಂದೇಶದ ಕೊಂಡಿಯನ್ನು ಒತ್ತಬಾರದು. ಮಹಾರಾಷ್ಟ್ರ ಸಂಚಾರ ಪೊಲೀಸರ ಅಧಿಕೃತ ತಾಣಕ್ಕೆ ನಾವಾಗಿಯೇ ಹೋಗಿ ಗಾಡಿಯ ಸಂಖ್ಯೆಯನ್ನೂ, ಚಾಸಿಯ ಅಥವಾ ಎಂಜಿನ್ನಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಕೊಟ್ಟರೆ ಚಲನಿನ ವಿವರ ದೊರೆಯುತ್ತದೆ.

ಎರಡನೆಯದಾಗಿ, ಆರೋಪದೊಡನೆ ಕೊಟ್ಟ ಭಾವಚಿತ್ರವನ್ನು ಕಣ್ಣಿಟ್ಟು ನೋಡಬೇಕು. ಕ್ಯಾಮೆರಾದ ಮೂಲಕ ಹಿಡಿದ ತಪ್ಪುಗಳಿಗೆ ಚಿತ್ರದ ಆಧಾರ, ದಿನ, ಹೊತ್ತು, ಸ್ಥಳ, ಕಾಯಿದೆಯ ಕಲಮು ಇವೆಲ್ಲ ಇರಬೇಕೆಂದು ೨೦೨೧ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ನಿಯಮ ಮಾಡಿತು. ಟೆಂಪೋದ ಚಿತ್ರವನ್ನು ನಾವು ತೆರೆದಾಗ ಸಂಖ್ಯೆ ಸರಿಯಾಗಿದ್ದಂತೆಯೇ ಕಂಡಿತು. ತಂದೆಯ ಮುಖ ಬಾಡಿತು. ಆಗ ಪಕ್ಕದಲ್ಲಿ ನಿಂತಿದ್ದ ಬಾಲಿಕೆ, "ಅಪ್ಪಾ, ಇದು ನಮ್ಮ ಗಾಡಿ ಅಲ್ಲ" ಎಂದಳು. ಹೇಗೆಂದು ಕೇಳಿದೆವು. ಅವರ ಟೆಂಪೋದ ಹಿಂದಿನ ಹಲಗೆಯ ಮೇಲೆ ಕನ್ನಡದಲ್ಲಿ 'ಶ್ರೀ ಎಲ್ಲಮ್ಮದೇವಿ ಪ್ರಸನ್ನ' ಎಂದು ಬರೆಸಿದ್ದರು. ಚಿತ್ರದ ಗಾಡಿಯ ಹಲಗೆ ಬರಿದಾಗಿತ್ತು. ಮತ್ತೆ ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಸಂಖ್ಯೆಯ ಕೊನೆಯ ಅಂಕಿ ೩ ಅಲ್ಲ, ಬಣ್ಣ ಸವೆದ ೮ ಎಂಬುದು ಗೋಚರಿಸಿತು.

ಮೂರನೆಯದಾಗಿ, ನಮ್ಮ ಕಡೆಯ ಆಧಾರಗಳನ್ನು ಕೂಡಿಸಬೇಕು. ಅದೇ ದಿನ ಅದೇ ಹೊತ್ತಿಗೆ ಅವರು ಲಾಸಲಗಾಂವದ ಪೇಟೆಯಲ್ಲಿ ಉಳ್ಳಾಗಡ್ಡಿ ಹೇರಿಕೊಳ್ಳುತ್ತಿದ್ದರು. ತೂಕದ ಚೀಟಿಯ ಮೇಲೆ ಗಾಡಿಯ ಸಂಖ್ಯೆಯೂ ಗಂಟೆ ನಿಮಿಷಗಳೂ ಅಚ್ಚಾಗಿದ್ದುವು. ಆ ಚೀಟಿಯನ್ನು ಅವರು ಎಸೆದಿರಲಿಲ್ಲವೆಂಬುದೇ ದೊಡ್ಡ ಭಾಗ್ಯ. ಫಲಕ ಮರೆಯಾಗಿತ್ತು ಎಂದು ವಾದಿಸುವವರು ಆ ದಿನವೇ ಸ್ಥಳದ ಚಿತ್ರ ತೆಗೆದುಕೊಳ್ಳಬೇಕು. ಹಣ ಕೊಟ್ಟು ನಿಲ್ಲಿಸಿದ್ದವರು ಪಾವತಿಯನ್ನು ಕಾದಿಟ್ಟುಕೊಳ್ಳಬೇಕು. ಕಾಗದವಿಲ್ಲದ ಸತ್ಯ ಕಚೇರಿಯಲ್ಲಿ ಕುಂಟುತ್ತದೆ.

ನಾಲ್ಕನೆಯದಾಗಿ, ದೂರನ್ನು ಬರೆಯಬೇಕು. ಅದು ಚಿಕ್ಕದಾಗಿರಲಿ. ಚಲನಿನ ಸಂಖ್ಯೆ ಮತ್ತು ತಾರೀಖು, ಗಾಡಿಯ ಸಂಖ್ಯೆ, ಆರೋಪವೇನು, ಅದು ಏಕೆ ಸರಿಯಲ್ಲ, ಯಾವ ಆಧಾರಗಳನ್ನು ಲಗತ್ತಿಸಿದೆ, ಏನು ಬೇಡುತ್ತೇವೆ ಇಷ್ಟನ್ನು ಬಿಟ್ಟು ಬೇರೇನೂ ಬೇಡ. ಸಿಟ್ಟಿನ ಮಾತು ಬೇಡ, ದೈನ್ಯದ ಮಾತೂ ಬೇಡ. ಈ ರಾಜ್ಯದ ಆಡಳಿತ ನಡೆಯುವುದು ಮರಾಠಿಯಲ್ಲಿ. ಆದುದರಿಂದ ಮರಾಠಿಯಲ್ಲಿ ಬರೆಯುವುದು ಒಳ್ಳೆಯದು. ತಂದೆ ಕನ್ನಡದಲ್ಲಿ ಹೇಳಿದರು. ಮಗಳು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಬರೆದಳು. ನಾವು ತಿದ್ದಿದುದು ಎರಡೇ ಪದಗಳನ್ನು. ತಾಣದ ದೂರಿನ ವಿಭಾಗದಲ್ಲಿ ಅದನ್ನು ಸಲ್ಲಿಸಿ, ಪ್ರತಿಯೊಂದನ್ನು ಕಚೇರಿಗೂ ಒಯ್ದು ಕೊಟ್ಟು, ತಲುಪಿದ ಮೊಹರನ್ನು ಇನ್ನೊಂದು ಪ್ರತಿಯ ಮೇಲೆ ಹಾಕಿಸಿಕೊಂಡು ಬಂದರು.

ಐದನೆಯದಾಗಿ, ಕಾಯಬೇಕು, ಕೇಳುತ್ತಲೂ ಇರಬೇಕು. ಮೊದಲ ಸಲ ಹೋದಾಗ ನಾಳೆ ಬನ್ನಿರೆಂದರು; ಎರಡನೆಯ ಸಲ ಸಾಹೇಬರಿರಲಿಲ್ಲ. ಮೂರನೆಯ ಸಲ ಒಬ್ಬ ಅಧಿಕಾರಿ ಚಿತ್ರವನ್ನೂ ಹಲಗೆಯನ್ನೂ ಹೋಲಿಸಿ ನೋಡಿ, ಎಲ್ಲಮ್ಮ ಯಾವ ಊರಿನ ದೇವತೆ ಎಂದು ಕೇಳಿದರಂತೆ. ಕೆಲವು ವಾರಗಳಲ್ಲಿ ಚಲನ್ ರದ್ದಾಯಿತು. ಆ ದಿನ ತಂದೆ ಪೇಡೆಯ ಪೊಟ್ಟಣದೊಡನೆ ಶಾಲೆಗೆ ಬಂದು, "ಗುರುಗಳ, ರೊಕ್ಕ ಉಳೀತು ಅನ್ನೂದಕ್ಕಿಂತ, ನಮ್ಮ ಮಾತು ಕೇಳಿದರಲ್ಲರೀ" ಎಂದರು. ಈ ಮಾತನ್ನು ನಾವು ಮರೆಯಲಾರೆವು.

ದೂರು ತಳ್ಳಿಹೋದರೆ ಮ್ಯಾಜಿಸ್ಟ್ರೇಟರ ನ್ಯಾಯಾಲಯವಿದೆ. ಅಲ್ಲಿ ತಪ್ಪನ್ನು ರುಜುವಾತುಪಡಿಸುವ ಹೊಣೆ ಆರೋಪ ಹೊರಿಸಿದವರದು. ಆದರೆ ಹಾಗೆ ಹೋಗುವವನು ತನ್ನ ದಿನಗೂಲಿಯ ನಷ್ಟವನ್ನೂ ಎಣಿಸಬೇಕಾಗುವುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಕಡಿಮೆ ಆದಾಯದವರು ಮುಂತಾದವರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದೇ ಕಾಯಿದೆಯಡಿ ಸೇರುವ ಲೋಕ ಅದಾಲತ್ತಿನಲ್ಲಿ ಹಳೆಯ ಚಲನುಗಳನ್ನು ರಾಜಿಯಿಂದ ಮುಗಿಸಿಕೊಳ್ಳಬಹುದು. ಆದರೆ ಅಲ್ಲಿಯದು ರಾಜಿ, ನಿರಪರಾಧಿ ಎಂಬ ತೀರ್ಪಲ್ಲ, ಮೇಲ್ಮನವಿಯೂ ಇಲ್ಲ. ಕರ್ನಾಟಕದಲ್ಲಿ ೨೦೨೩ರ ಫೆಬ್ರವರಿ ೩ರಿಂದ ೧೧ರವರೆಗೆ ಹಳೆಯ ಸಂಚಾರ ದಂಡಗಳನ್ನು ಅರ್ಧಕ್ಕೆ ಇಳಿಸಿದಾಗ ಜನರು ಸಾಲುಗಟ್ಟಿ ನೂರು ಕೋಟಿ ರೂಪಾಯಿಗೂ ಮಿಕ್ಕಿ ತುಂಬಿದರು. ತಪ್ಪು ಮಾಡಿದವರಿಗೆ ಅದು ಲಾಭವೇ ಸರಿ. ತಪ್ಪಿಲ್ಲದವನಿಗೆ ಮಾತ್ರ ಅರ್ಧ ದಂಡವೂ ಅನ್ಯಾಯವೇ.

ಎಡೆಯನ್ನು ಹುಡುಕುವ ಬಗೆ

ರೋಗ ಬಂದ ಮೇಲೆ ಮದ್ದು ಅರೆಯುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಮನೆಯಿಂದ ಹೊರಡುವಾಗಲೇ 'ಎಲ್ಲಿಗೆ ಹೋಗಬೇಕು' ಎಂಬುದರೊಡನೆ 'ಎಲ್ಲಿ ನಿಲ್ಲಿಸಬೇಕು' ಎಂದೂ ಯೋಚಿಸಬೇಕು. ನಾಸಿಕದ ರವಿವಾರ ಕಾರಂಜೆ, ಮೇನ್ ರೋಡ್, ರಾಮಕುಂಡ ಮೊದಲಾದ ಹಳೆಯ ಭಾಗಗಳ ಬೀದಿಗಳು ಮೋಟಾರು ಹುಟ್ಟುವ ಮೊದಲೇ ಆದುವು. ಅಂಗಡಿಯ ಬಾಗಿಲಿಗೇ ಗಾಡಿ ಒಯ್ಯಬೇಕೆಂಬ ಹಟ ಅಲ್ಲಿ ಸಲ್ಲದು. ದೂರದಲ್ಲಿ ಗೊತ್ತಾದ ಎಡೆಯಲ್ಲಿ ನಿಲ್ಲಿಸಿ ಐದು ನಿಮಿಷ ನಡೆಯುವವನು, ಹತ್ತು ನಿಮಿಷ ಸುತ್ತುವವನಿಗಿಂತ ಮೊದಲು ತಲುಪುತ್ತಾನೆ. ಹಣ ಕೊಟ್ಟು ನಿಲ್ಲಿಸುವಲ್ಲಿ ದರದ ಫಲಕವನ್ನು ಓದಿ ಪಾವತಿಯನ್ನು ಕೇಳಿ ಪಡೆಯಬೇಕು; ಪಾವತಿ ಕೊಡದವನಿಗೆ ಹಣ ಕೊಡುವುದು ದಾನವಾದೀತು, ಬಾಡಿಗೆಯಾಗಲಾರದು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಗಾಡಿಯನ್ನು ಮನೆಯಲ್ಲಿಯೇ ಬಿಡುವುದು. ೨೦೨೧ರ ಜುಲೈಯಲ್ಲಿ ಆರಂಭವಾದ ಸಿಟಿಲಿಂಕ್ ಬಸ್ಸುಗಳು ನಾಸಿಕ್ ರೋಡಿಗೂ ನಾಸಿಕಕ್ಕೂ ಓಡಾಡುತ್ತವೆ. ಬಸ್ಸಿನಿಂದ ಇಳಿದವನಿಗೆ ಎಡೆ ಹುಡುಕುವ ಚಿಂತೆ ಎಲ್ಲಿಯದು?

ನಗರಗಳು ಮಾಡಬೇಕಾದ ಕೆಲಸವೂ ಉಂಟು. ಜಪಾನಿನಲ್ಲಿ ೧೯೬೨ರಷ್ಟು ಹಿಂದೆಯೇ ಒಂದು ಕಾಯಿದೆಯಾಯಿತು: ರಸ್ತೆಯ ಹೊರಗೆ ಕಾರಿಗೆ ಸ್ವಂತ ಎಡೆಯುಂಟೆಂದು ತೋರಿಸದವರಿಗೆ ಕಾರಿನ ನೋಂದಣಿ ಇಲ್ಲ. ಮಹಾರಾಷ್ಟ್ರದ ಸಾರಿಗೆ ಸಚಿವರಾದ ಪ್ರತಾಪ ಸರನಾಯಿಕರೂ ೨೦೨೫ರಲ್ಲಿ ಇಂತಹ ನಿಯಮದ ಮಾತನ್ನು ಎತ್ತಿದರು. ಕೇಳಲು ಇದು ನ್ಯಾಯವೇ. ಆದರೆ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತ, ಟೆಂಪೋದಿಂದಲೇ ಅನ್ನ ಕಾಣುವವನು ಸ್ವಂತ ಎಡೆಯನ್ನು ಎಲ್ಲಿಂದ ತರಬೇಕು? ವಾಹನವನ್ನು ಸುಖಕ್ಕಾಗಿ ಇಟ್ಟವನೂ ಹೊಟ್ಟೆಪಾಡಿಗಾಗಿ ಇಟ್ಟವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ನಿಷೇಧದ ಫಲಕ ಹಾಕುವ ಕೈಯೇ ನಿಲ್ಲಿಸಬಹುದಾದ ಎಡೆಯನ್ನೂ ತೋರಿಸಬೇಕು. ೨೦೧೫ರ ಸಿಂಹಸ್ಥ ಕುಂಭಮೇಳದಲ್ಲಿ ನಾಸಿಕವು ಇದನ್ನು ಮಾಡಿ ತೋರಿಸಿತು: ಹೊರಗಿನ ಗಾಡಿಗಳಿಗೆ ಊರಾಚೆ ಬಯಲುಗಳನ್ನು ಗೊತ್ತುಮಾಡಿ, ಅಲ್ಲಿಂದ ಯಾತ್ರಿಕರನ್ನು ಬಸ್ಸುಗಳಲ್ಲಿ ಒಳಗೆ ತಂದರು. ನಮ್ಮ ಜಾತ್ರೆಯ ಚಕ್ಕಡಿಗಳ ವಿವೇಕವೇ ಅಲ್ಲವೆ ಅದು?

ವಿದ್ಯಾರ್ಥಿಗಳೇ, ನಿಮಗೆ ಪರವಾನಗಿ ಬರಲು ಇನ್ನೂ ವರುಷಗಳಿವೆ. ಸೈಕಲ್ಲುಗಳಂತೂ ಈಗಲೇ ಇವೆ. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬನಿಗೆ ಎಡೆ ಬಿಟ್ಟು ನಿಲ್ಲಿಸುವವನು ನಾಳೆ ನಗರದ ಬೀದಿಯಲ್ಲಿಯೂ ಹಾಗೆಯೇ ನಿಲ್ಲಿಸುವನು. ಮನೆಗೆ ಚೀಟಿಯೊಂದು ಬಂದರೆ ಅದನ್ನು ತಂದೆತಾಯಿಗಳಿಗೆ ಓದಿ ಹೇಳಿರಿ. ತಪ್ಪು ನಮ್ಮದಾದರೆ ತಲೆಬಾಗಿ ತುಂಬಲು ಹೇಳಿರಿ. ಅಲ್ಲವಾದರೆ ತಲೆಯೆತ್ತಿ ಕೇಳಲು ನೆರವಾಗಿರಿ. ನಾವು ಕಲಿತ ಎರಡಕ್ಷರವು ನಮ್ಮವರ ಬಾಯಿಗೆ ಮಾತು ಕೊಡದಿದ್ದರೆ ಅದನ್ನು ಕಲಿತುದಾದರೂ ಏತಕ್ಕೆ?